ಹೂ ಹಚ್ಚುವ ಕೈ

ಮದುವೆಯಾದ ಹೊಸದರಲ್ಲಿ ನಮ್ಮನೆಯವರು ನನ್ನ ಕಡೆ ತಿರುಗಿಯೂ ನೋಡದೆ, ‘ಇವತ್ತು ಸುರಂಗಿಯಾ?’ ಎಂದು ಕೇಳುತ್ತಿದ್ದರು. ನಾನು ಅಂಕೋಲೆಯ ಶಾಲೆಯಲ್ಲಿ ಪಾಠ ಮುಗಿಸಿ, ಬಸ್ಸಿಳಿದು, ಗದ್ದೆಯ ಹಾಳಿಯ ಮೇಲೆ ನಡೆದು ಬಂದು ಇನ್ನೂ ಅಂಗಳಕ್ಕೆ ಕಾಲಿಟ್ಟಿರುತ್ತಿದ್ದೆ ಅಷ್ಟೆ. ಇವರು ಜಗುಲಿಯಲ್ಲಿ ಆಚೆ ಮುಖ ಮಾಡಿ ಕೂತು ಬಾಳೆನಾರು ಸೀಳುತ್ತಿರುತ್ತಿದ್ದರು. ಬೇಸಗೆ ಕಾಲಿಡುವ ಹೊತ್ತಿಗೆ ಅಂಕೋಲೆಯ ಬಸ್ ನಿಲ್ದಾಣದ ಎದುರು ಹೆಂಗಸರು ಸುರಂಗಿ ಹೂವಿನ ದಂಡೆಯ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ಒಂದು ತುಂಡು ತಲೆಗೆ ಏರಿಸಿದರೆ ಹಿಂದಿನ ಸೀಟಿನವರೂ ಮೂಗು ಎತ್ತಬೇಕು, ಅಂಥ ವಾಸನೆ. ನಾನು ‘ಹೌದು’ ಎನ್ನುತ್ತಿದ್ದೆ. ಇಷ್ಟೇ ನಮ್ಮ ಶೃಂಗಾರ. ಪೂಜೆಯ ಮನೆಗೆ ಸೊಸೆಯಾಗಿ ಬಂದವಳು ಇದಕ್ಕಿಂತ ಹೆಚ್ಚು ಬಯಸಿದರೆ ಅತ್ತೆ ಸುಮ್ಮನಿರುವ ಪೈಕಿಯಲ್ಲ.

ಒಂದು ಬೇಸಗೆ ಆ ಮಾತು ನಿಂತುಹೋಯಿತು. ಅಂಗಳಕ್ಕೆ ಬಂದರೂ ಇಲ್ಲ, ಪಕ್ಕದಲ್ಲಿ ಕೂತರೂ ಇಲ್ಲ. ಒಂದೆರಡು ಸಲ ಬೇಕೆಂತಲೇ ಎದುರು ಹಾದುಹೋದೆ. ‘ಎಂತಾ, ಬಸ್ ತಡಾ ಆಯ್ತಾ?’ ಎಂದರೇ ಹೊರತು ಹೂವಿನ ಸುದ್ದಿ ಎತ್ತಲಿಲ್ಲ. ಮದುವೆ ಹಳತಾಯಿತು, ನಾನೂ ಹಳತಾದೆ, ಮಕ್ಕಳೂ ಆಗಲಿಲ್ಲ, ಇನ್ನು ಇವರಿಗೆ ನನ್ನ ತಲೆಯ ಹೂವಿನ ಮೇಲೆ ಆಸೆ ಎಲ್ಲಿಂದ ಉಳಿದೀತು ಎಂದುಕೊಂಡೆ. ದುಃಖವಾಯಿತು. ಆದರೆ ಅದನ್ನು ಯಾರ ಹತ್ತಿರ ಹೇಳುವುದು? ಗಂಡ ಹೂ ಮೂಸಲಿಲ್ಲ ಎಂದು ತವರಿಗೆ ಹೋಗಿ ಅಳಲಾಗುತ್ತದೆಯೇ? ಮುಂದಿನ ವರ್ಷದಿಂದ ಸುರಂಗಿ ಕೊಳ್ಳುವುದನ್ನು ಬಿಟ್ಟೆ.

ಇವರ ಕೆಲಸ ಏನೆಂದು ಇಲ್ಲಿ ಹೇಳಬೇಕು. ಊರ ದೇವಿಯ ಪೂಜೆ ಇವರ ಮನೆತನದ್ದು. ಪೂಜೆ ಎಂದರೆ ಮಂತ್ರ, ತಂತ್ರ ದೊಡ್ಡದಾಗಿ ಏನಿಲ್ಲ, ನೀರು, ಹೂ, ದೀಪ. ದೊಡ್ಡದು ಇದ್ದದ್ದು ಪ್ರಸಾದ ಹಚ್ಚುವುದು. ನಮ್ಮ ಕಡೆ ಯಾರೂ ದೇವಿಯನ್ನು ಕೇಳದೆ ಮಹತ್ವದ ಕೆಲಸಕ್ಕೆ ಕೈ ಹಾಕುವುದಿಲ್ಲ. ಮಗಳನ್ನು ಇಂಥಲ್ಲಿಗೆ ಕೊಡಬಹುದೇ, ಬಾವಿ ಇಲ್ಲಿ ತೋಡಬಹುದೇ, ದೋಣಿ ಕೊಳ್ಳಬಹುದೇ ಎಂದು ಬಂದು ನಿಲ್ಲುತ್ತಾರೆ. ಪೂಜೆಯವರು ಕೇಪಳದ ಮೊಗ್ಗನ್ನು ನೀರಲ್ಲಿ ಅದ್ದಿ ದೇವಿಯ ಮೈಮೇಲೆ ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು ಹಚ್ಚುತ್ತಾರೆ. ಕಲ್ಲಿನ ಮೈಗೆ ಹೂ ನೀರಿನ ಹಿಡಿತದಲ್ಲೇ ಅಂಟಿ ನಿಲ್ಲಬೇಕು. ಆಮೇಲೆ ಪ್ರಶ್ನೆ ಇಡುತ್ತಾರೆ, ಕಾಯುತ್ತಾರೆ. ಬಲದ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡವೆಂದು. ಕೆಲವೊಮ್ಮೆ ಅರ್ಧ ದಿನ ಕಾದರೂ ಒಂದೂ ಬೀಳುತ್ತಿರಲಿಲ್ಲ. ಜನ ಮಧ್ಯೆ ಮನೆಗೆ ಹೋಗಿ ಗಂಜಿ ಉಂಡು ಬಂದು ಮತ್ತೆ ಕೂರುತ್ತಿದ್ದರು.

ಎಲ್ಲ ಇರುವುದು ಹಚ್ಚುವ ಕೈಯಲ್ಲಿ. ಒತ್ತಿದರೆ ಹೂ ಬೀಳುವುದೇ ಇಲ್ಲ, ಸಡಿಲ ಬಿಟ್ಟರೆ ಪ್ರಶ್ನೆಗೆ ಮೊದಲೇ ಬೀಳುತ್ತದೆ. ಎಡ ಬಲ ಎರಡೂ ಕಡೆ ಒತ್ತು ಒಂದೇ ಸಮ ಇರಬೇಕು. ಅದೊಂದು ಅಳತೆ ಇವರ ಬೆರಳಿನಲ್ಲಿ ಕೂತಿತ್ತು. ‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂದು ನಾನು ಛೇಡಿಸಿದರೆ ಇವರಿಗೆ ನಗು ಬರುತ್ತಿರಲಿಲ್ಲ. ‘ಪೂಜಾರಿ ಕೊಡೂದೂ ಇಲ್ಲ, ತಡೆಯೂದೂ ಇಲ್ಲ. ನಡುವೆ ಇರ್ಬಾರ್ದು, ಅಷ್ಟೇಯ’ ಎನ್ನುತ್ತಿದ್ದರು. ತಮ್ಮ ಸ್ವಂತದ ಪ್ರಶ್ನೆಗೆ ತಾವೇ ಹೂ ಹಚ್ಚುವ ಕ್ರಮವೂ ಇಲ್ಲ. ಅದಕ್ಕೆ ಮನೆತನದ ಬೇರೊಬ್ಬರ ಕೈ ಬೇಕು. ಇವರ ಚಿಕ್ಕಪ್ಪನ ಮಗ, ನನ್ನ ಮೈದುನ, ಮಾಜಾಳಿಯಲ್ಲಿದ್ದ. ದಿನಾ ಗಡಿ ದಾಟಿ ಗೋವೆಗೆ ಹೋಗಿ ಒಂದು ಕಾರ್ಖಾನೆಯ ಬಸ್ಸು ಓಡಿಸುತ್ತಿದ್ದ. ಅಂಥ ಪ್ರಸಂಗ ಬಂದರೆ ಅವನೇ ಬಂದು ಹಚ್ಚುತ್ತಿದ್ದ.

ಸುರಂಗಿಯ ಮಾತು ನಿಂತ ಆ ಬೇಸಗೆ ಮುಗಿದು, ಮಳೆಯೂ ಮುಗಿದ ಮೇಲೆ, ನಮ್ಮ ಊರನ್ನೇ ಬಿಡುವ ಪ್ರಶ್ನೆ ಬಂತು. ನೌಕಾನೆಲೆಗೆ ಜಾಗ ಬೇಕಾಗಿತ್ತು. ಈ ಮಾತು ನಾನು ಸೊಸೆಯಾಗಿ ಬಂದಾಗಿನಿಂದ ನಡೆಯುತ್ತಲೇ ಇತ್ತು, ಆ ವರ್ಷ ನಿಜವಾಯಿತು. ಊರಿನವರೆಲ್ಲ ಸೇರಿ ದೇವಿಯನ್ನು ಕೇಳಿದರು: ನಾವು ಹೊರಡಬಹುದೇ, ನೀನು ನಮ್ಮ ಜೊತೆ ಬರುತ್ತೀಯಾ? ಹೂ ಹಚ್ಚಿದ್ದು ಇವರು. ಇಷ್ಟು ದೊಡ್ಡ ಪ್ರಶ್ನೆಗೆ ಸಂಜೆಯವರೆಗೆ ಕಾಯಬೇಕಾದೀತು ಎಂದು ನಾನು ಚಹಾದ ಹಂಡೆ ಇಡಿಸಿದ್ದೆ. ನೀರು ಕುದಿಯುವ ಮೊದಲೇ ಬಲದ ಹೂ ಬಿತ್ತು. ಹೆಂಗಸರು ಅತ್ತರು. ಗಂಡಸರು ಎದ್ದು ಪಂಚೆ ಕೊಡವಿಕೊಂಡರು. ದೇವಿಯೇ ಹೊರಟಳೆಂದ ಮೇಲೆ ಮಾತಾಡಲು ಏನೂ ಉಳಿಯಲಿಲ್ಲ.

ಹಾಗೆ ನಾವು ತೋಡೂರಿನ ಕಾಲೋನಿಗೆ ಬಂದೆವು. ದೇವಿಗೂ ಒಂದು ಆರ್‌ಸಿಸಿ ಗುಡಿ ಆಯಿತು. ನನಗೆ ಶಾಲೆಗೆ ಬಸ್ಸಿನ ದಾರಿ ಕಡಿಮೆಯಾದದ್ದೊಂದೇ ಲಾಭ. ಇವರಿಗೆ ಗದ್ದೆ ಇಲ್ಲ, ತೋಟ ಇಲ್ಲ, ಬೆಳಿಗ್ಗೆ ಪೂಜೆ ಮುಗಿದರೆ ದಿನವಿಡೀ ಸಿಮೆಂಟಿನ ಕಟ್ಟೆ. ಎರಡು ಮೂರು ವರ್ಷ ಕಳೆದಿರಬೇಕು, ಕಟ್ಟೆಯ ಮೇಲೆ ಸುಮ್ಮನೆ ಕೂತಾಗ ಇವರ ಬಲಗೈ ಹೆಬ್ಬೆರಳು ತಾನಾಗಿಯೇ ತೋರುಬೆರಳನ್ನು ಉಜ್ಜುತ್ತಿರುವುದು ಕಂಡಿತು. ಬತ್ತಿ ಹೊಸೆಯುವ ಅಭ್ಯಾಸ, ಖಾಲಿ ಕೂತು ಕೂತು ಗಾಳಿಯಲ್ಲೇ ಹೊಸೆಯುತ್ತಾರೆ ಎಂದುಕೊಂಡೆ. ಒಂದು ದಿನ ಆ ಕೈಯನ್ನು ಹಿಡಿದು ನಿಲ್ಲಿಸಿದೆ. ನನ್ನ ಕೈಯೊಳಗೂ ಅದು ನಿಲ್ಲಲಿಲ್ಲ.

ವಿಚಿತ್ರ ಏನೆಂದರೆ ಕೆಲಸ ಮಾಡುವಾಗ ನಡುಕ ಇರುತ್ತಿರಲಿಲ್ಲ. ಹೂ ಎತ್ತುವಾಗ, ದೀಪ ಹಚ್ಚುವಾಗ ಕೈ ನೆಟ್ಟಗೆ ಹೋಗುತ್ತಿತ್ತು. ಆದರೆ ಪ್ರಸಾದ ಹಚ್ಚುವಾಗ ಕೈಯನ್ನು ಎತ್ತಿ ಹಿಡಿದೇ ಇರಬೇಕಲ್ಲ, ಸ್ವಲ್ಪ ಹೊತ್ತಿಗೆ ಶುರುವಾಗುತ್ತಿತ್ತು. ಎಡದ್ದನ್ನು ಮೊದಲು ಹಚ್ಚಿ ಬಲದ್ದನ್ನು ಕೊನೆಗೆ ಹಚ್ಚುವುದು ಇವರ ಮನೆಯ ಕ್ರಮ. ಬಲದ್ದಕ್ಕೆ ಬರುವಷ್ಟರಲ್ಲಿ ಬೆರಳು ಸೋತಿರುತ್ತಿತ್ತು. ಹಾಗಾಗಿ ಬಲದ ಹೂ ಬೇಗ ಬೇಗ ಬೀಳತೊಡಗಿತು. ಯಾರೂ ದೂರಲಿಲ್ಲ. ಬೇಕಾದ ಉತ್ತರ ಬೇಗ ಸಿಕ್ಕಿದರೆ ದೂರುವವರು ಯಾರು? ‘ಹೊಸ ಗುಡಿಗೆ ಬಂದ್ಮೇಲೆ ದೇವಿ ಸಲೀಸಾಗಿದಾಳೆ’ ಎಂದು ನಗುತ್ತಿದ್ದರು. ಕೆಲವರು ಪ್ರಶ್ನೆ ಮುಗಿಯುವ ಮೊದಲೇ ಕೈ ಮುಗಿದು ಎದ್ದೂ ಬಿಡುತ್ತಿದ್ದರು.

ಕಾಳಿ ಹೊಳೆಯ ದಂಡೆಯ ಕೋಡಿಬಾಗದಲ್ಲಿ ಒಬ್ಬರು ಡಾಕ್ಟರು ಇದ್ದರು. ಮೈದುನ ನಮ್ಮನ್ನು ಅಲ್ಲಿಗೆ ಕರೆದೊಯ್ದ. ಅವರು ಇವರನ್ನು ನಡೆಸಿದರು, ಬೆರಳು ಬಡಿಸಿದರು, ಕೈ ಮಡಿಸಿ ಬಿಡಿಸಿ ನೋಡಿ ಪಾರ್ಕಿನ್ಸನ್ ಇರಬಹುದೆಂದರು. ಆ ಹೆಸರು ಇವರ ಬಾಯಲ್ಲಿ ಕೊನೆಯವರೆಗೂ ಸರಿಯಾಗಿ ನಿಲ್ಲಲಿಲ್ಲ. ಗುಳಿಗೆ ಶುರುವಾಯಿತು. ಗುಳಿಗೆ ನುಂಗಿದ ಮೇಲೆ ಕೆಲವು ತಾಸು ಮನುಷ್ಯ ಮನುಷ್ಯನಾಗಿರುತ್ತಿದ್ದರು, ಆಮೇಲೆ ಮತ್ತೆ ಮರದ ಕೊರಡು. ನನ್ನ ದಿನಗಳೆಲ್ಲ ಆ ತಾಸುಗಳ ಮೇಲೆ ನಿಂತವು. ಬೆಳಿಗ್ಗೆ ಎಬ್ಬಿಸುವುದು, ಕೂರಿಸುವುದು, ಗುಂಡಿ ಹಾಕುವುದು, ಅನ್ನ ಕಲಸಿಡುವುದು, ಓಡಿ ಬಸ್ಸು ಹಿಡಿಯುವುದು, ಮಕ್ಕಳಿಗೆ ಮಗ್ಗಿ ಹೇಳಿಸುವುದು, ಮತ್ತೆ ಬಸ್ಸು. ಆಯಾಸ ಎನ್ನುವುದು ರಾತ್ರಿ ಮಲಗಿದರೆ ಹೋಗುತ್ತದೆ. ನನಗಿದ್ದದ್ದು ಎದ್ದಾಗಲೂ ಹಾಗೇ ಇರುತ್ತಿತ್ತು.

ಕೋಡಿಬಾಗದ ಡಾಕ್ಟರಿಗೆ ಮುಂಬೈಯ ಒಂದು ದೊಡ್ಡ ಆಸ್ಪತ್ರೆಯವರ ಪರಿಚಯವಿತ್ತು. ಅಲ್ಲಿ ಈ ರೋಗದವರ ಮೆದುಳಿನ ಚಿತ್ರ ತೆಗೆದು ಅಭ್ಯಾಸ ಮಾಡುತ್ತಿದ್ದರು. ಹೋಗಿ ಬರುವ ಖರ್ಚು ಅವರದೇ. ಇದರಿಂದ ನಿಮಗೇನೂ ಗುಣವಾಗುವುದಿಲ್ಲ, ಮುಂದೆ ಬರುವವರಿಗೆ ಉಪಯೋಗವಾದೀತು ಎಂದು ಡಾಕ್ಟರು ಮೊದಲೇ ಬಿಚ್ಚಿ ಹೇಳಿದರು. ನನಗೆ ಮನಸ್ಸಿರಲಿಲ್ಲ. ಇದ್ದ ಭಾರ ಹೊರುವುದೇ ಸಾಕಾಗಿತ್ತು, ಅದರ ಮೇಲೆ ರೈಲು ಬೇರೆ. ಇವರಿಗೆ ಮಾತ್ರ ಹುರುಪು. ‘ತಲೆ ಒಳಗೆ ನೋಡ್ತಾರಂತೆ. ಎಂತಾ ಆಗಿದೆ ಅಂತ ನಂಗೂ ಗೊತ್ತಾಗ್ಲಿ’ ಎಂದರು. ಎರಡು ಸಾವಿರದ ಐದೋ ಆರೋ ಇರಬೇಕು. ಮೈದುನ ರಜೆ ಹಾಕಿದ, ಕಾರವಾರದಲ್ಲಿ ರೈಲು ಹತ್ತಿದೆವು.

ಅಲ್ಲಿಯ ನಿಯಮದಂತೆ ಹಿಂದಿನ ಸಂಜೆಯಿಂದಲೇ ಗುಳಿಗೆ ನಿಲ್ಲಿಸಿದ್ದರು. ಬೆಳಿಗ್ಗೆ ಇವರನ್ನು ಚಕ್ರದ ಕುರ್ಚಿಯಲ್ಲಿ ಹೊರಗೆ ತಂದಾಗ ಮುಖ ಕಲ್ಲಿನ ಹಾಗಿತ್ತು, ಬರೀ ಕೈ ಮಾತ್ರ ಜೀವಂತ. ಎರಡು ಯಂತ್ರ. ಮೊದಲನೆಯದು ಕೊಳವೆ, ಅಕ್ಕಿ ಗಿರಣಿಯ ಹಾಗೆ ಸದ್ದು. ಎರಡನೆಯದಕ್ಕೆ ಮೊದಲು ನರಕ್ಕೆ ಒಂದು ಸೂಜಿ ಕೊಟ್ಟು ಕಾಯಿಸಿದರು. ಆ ಔಷಧಿ ಮೆದುಳಿನಲ್ಲಿ ಇನ್ನೂ ಬದುಕಿರುವ ಕೆಲವು ಕೋಶಗಳನ್ನು ಹುಡುಕಿಕೊಂಡು ಹೋಗಿ ಅಲ್ಲಿ ಕೂರುತ್ತದಂತೆ, ಯಂತ್ರ ಅದನ್ನು ಬೆಳಕಾಗಿ ತೋರಿಸುತ್ತದಂತೆ. ಕೋಶ ಸತ್ತ ಕಡೆ ಕತ್ತಲು. ತಲೆಗೆ ಪಟ್ಟಿ ಬಿಗಿದು, ಅಲುಗಾಡಬೇಡಿ ಎಂದರು. ಇವರು ಅಲುಗಾಡಲಿಲ್ಲ. ಕೈ ಹೊಟ್ಟೆಯ ಮೇಲೆ ಕುಣಿಯುತ್ತಿತ್ತು, ತಲೆ ಮಾತ್ರ ದೇವಿಯ ಎದುರು ಕೂತ ಹಾಗೆ ನೆಟ್ಟಗಿತ್ತು. ಒಳಗಿದ್ದ ಹುಡುಗ ಆಮೇಲೆ ಹೊಗಳಿದ, ಆರೋಗ್ಯವಂತರೂ ಇಷ್ಟು ಹೊತ್ತು ಹೀಗೆ ಮಲಗುವುದಿಲ್ಲ ಎಂದು.

ಚಿತ್ರ ತೋರಿಸಿದವಳು ಒಬ್ಬ ಡಾಕ್ಟರಮ್ಮ, ಸಣ್ಣ ವಯಸ್ಸು, ಮರಾಠಿಯವಳು. ಇವರ ಕೊಂಕಣಿಯೂ ಅವಳ ಮರಾಠಿಯೂ ಹೇಗೋ ಕೈ ಹಿಡಿದು ನಡೆದವು. ಪರದೆಯ ಮೇಲೆ ಮೊದಲು ಯಾರದೋ ಸರಿಯಿದ್ದ ಮೆದುಳನ್ನು ತೋರಿಸಿದಳು. ನಡುವೆ ಎರಡು ಗೇರುಬೀಜ ಇಟ್ಟ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಆಮೇಲೆ ಇವರದು. ಗೇರುಬೀಜದ ಬಾಲ ಹೋಗಿ ತಲೆ ಮಾತ್ರ ಉಳಿದಿತ್ತು, ಅದೂ ಒಂದು ಕಡೆ ಮಂಕು. ಬಲಗೈಯದ್ದನ್ನು ಮೆದುಳಿನ ಎಡಗಡೆ ನೋಡಿಕೊಳ್ಳುತ್ತದೆ, ಅದಕ್ಕೇ ಎಡಗಡೆ ಹೆಚ್ಚು ಕತ್ತಲಾಗಿದೆ ಎಂದಳು. ಇವರು ತಲೆ ಆಡಿಸಿದರು. ಎಡ ಬಲದ ಮಾತು ಇವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಮೇಲೆ ಅವಳು ಪ್ರಶ್ನೆ ಕೇಳತೊಡಗಿದಳು. ನಿದ್ದೆಯಲ್ಲಿ ಕೈಕಾಲು ಬಡಿಯುತ್ತಿದ್ದರೇ, ಅಕ್ಷರ ಸಣ್ಣದಾಯಿತೇ, ಹೀಗೇ. ಕೊನೆಗೆ, ಮೂಗಿಗೆ ವಾಸನೆ ಬರುವುದು ಯಾವಾಗ ಕಡಿಮೆಯಾಯಿತು ಎಂದಳು. ಇವರು ಗೊತ್ತಿಲ್ಲ ಎಂದರು. ನಿಜಕ್ಕೂ ಗೊತ್ತಿರಲಿಲ್ಲ. ದೇವರಿಗೆ ಏರಿಸುವ ಹೂವನ್ನು ಮೂಸುವ ಹಾಗಿಲ್ಲ, ಮೂಸಿದರೆ ಅದು ಎಂಜಲಾದ ಹಾಗೆ. ಹೂವಿನ ನಡುವೆಯೇ ಬದುಕಿದ ಮನುಷ್ಯ ಹುಡುಗನಾಗಿದ್ದಾಗಿನಿಂದಲೂ ಹೂ ಕಂಡರೆ ಮುಖ ಹಿಂದಕ್ಕೆ ಎಳೆದುಕೊಂಡು ಅಭ್ಯಾಸ. ಅಂಥವರ ಮೂಗು ಹೋದದ್ದು ಯಾರಿಗೆ ತಿಳಿಯಬೇಕು? ನನಗೆ ತಿಳಿಯಿತು, ಅದೂ ಆ ಕುರ್ಚಿಯಲ್ಲಿ ಕೂತಾಗಲೇ. ಸುರಂಗಿಯ ಮಾತು ನಿಂತ ಬೇಸಗೆ ನೆನಪಾಯಿತು. ಅದೇ ಬೇಸಗೆ ಹಳಸಿದ ಬಂಗುಡೆ ಸಾರನ್ನು ಇವರು ಚಪ್ಪರಿಸಿ ಉಂಡಿದ್ದೂ ನೆನಪಾಯಿತು. ‘ನಾವು ಹಳೇ ಊರು ಬಿಡುವ ವರ್ಷವೇ ಹೋಗಿತ್ತು, ಮಳೆಗಾಲಕ್ಕಿಂತ ಮೊದಲೇ’ ಎಂದು ಹೇಳಿದೆ, ಯಾಕೆಂದೂ ಹೇಳಿದೆ. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಡಾಕ್ಟರಮ್ಮ ಗಾಬರಿಯಾದಳು. ನನಗೆ ಆದದ್ದು ದುಃಖವಲ್ಲ. ಇಷ್ಟು ವರ್ಷ ಗಂಡನಿಗೆ ನಾನು ಬೇಡವಾದೆನೆಂದು ನುಂಗಿಕೊಂಡಿದ್ದೆ. ಅದು ನಾನಲ್ಲ, ರೋಗ. ಇಂಥ ಸುದ್ದಿಗೆ ಸಂತೋಷಪಟ್ಟ ಹೆಂಡತಿ ಬೇರೆ ಯಾರಾದರೂ ಇದ್ದಾಳೋ ಇಲ್ಲವೋ.

ಡಾಕ್ಟರಮ್ಮ ಬರೆದುಕೊಂಡು ಹೇಳಿದಳು: ಹಾಗಾಗುವುದುಂಟು. ವಾಸನೆ ಮೊದಲು ಹೋಗುತ್ತದೆ, ನಡುಕ ಕಾಣುವುದು ಎಷ್ಟೋ ವರ್ಷದ ಮೇಲೆ. ನಡುಕ ಕಾಣುವ ಹೊತ್ತಿಗೆ ಒಳಗೆ ಬಹಳಷ್ಟು ಕೋಶಗಳು ಸತ್ತಿರುತ್ತವೆ. ಇವರು ನಿಧಾನಕ್ಕೆ ಒಂದು ಪ್ರಶ್ನೆ ಕೇಳಿದರು. ನಡುಕ ಬರುವ ಮೊದಲೇ ಬೆರಳಿನ ಒತ್ತು ಕಡಿಮೆಯಾಗಿರಬಹುದೇ? ತನಗೆ ಗೊತ್ತಾಗದ ಹಾಗೆ? ಆಗಿರಬಹುದು ಎಂದಳು ಅವಳು. ಇವರು ರೈಲಿನಲ್ಲಿ ಕಾರವಾರದವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತರು.

ಮನೆಗೆ ಬಂದ ಮೇಲೆ ಪ್ರಸಾದ ಹಚ್ಚುವುದನ್ನು ನಿಲ್ಲಿಸಿದರು. ದಿನದ ಪೂಜೆ ಮಾಡುತ್ತಿದ್ದರು, ಕೇಳಲು ಬಂದವರನ್ನು ಮಾಜಾಳಿಯವನು ಬಂದಾಗ ಬನ್ನಿ ಎಂದು ಕಳಿಸುತ್ತಿದ್ದರು. ನಾನು ಶಾಲೆಯಿಂದ ಬಂದು ಚೀಲ ಇಳಿಸುವ ಮೊದಲೇ ಶುರು.

‘ಊರು ಬಿಡುವಾಗ ನನ್ನ ಕೈ ಸರಿ ಇತ್ತನೇ?’

‘ಇತ್ತು.’

‘ನೀ ಹೆಂಗೆ ಹೇಳ್ತೀ? ನಿನ್ನ ಹೂವಿನ ವಾಸ್ನೆ ಬರೂದಿಲ್ಲಾಗಿತ್ತು ಅಂತ ನೀನೇ ಹೇಳ್ದೆ.’

‘ಅದು ಮೂಗು. ಇದು ಕೈ.’

‘ಎರಡೂ ಒಂದೇ ರೋಗ ಅಂದ್ಲಲ್ಲೇ ಅವ್ಳು. ಬಲದ ಹೂಗು ಅಷ್ಟು ಬೇಗ ಎಂತಕೆ ಬಿತ್ತು? ದೇವಿ ಬೀಳ್ಸಿದ್ಲಾ, ನಾ ಬೀಳ್ಸಿದ್ನಾ? ಇಷ್ಟು ಮನೆ ನನ್ನ ಕೈಯಿಂದ ಹೋಯ್ತಾ?’

ದಿನಾ ಇದೇ. ಒಂದೇ ಉತ್ತರವನ್ನು ನಾನು ಎಷ್ಟು ಸಲ ಹೇಳಲಿ? ಮೊದಮೊದಲು ಪಕ್ಕದಲ್ಲಿ ಕೂತು ಹೇಳುತ್ತಿದ್ದೆ, ಆಮೇಲೆ ಪಾತ್ರೆ ತೊಳೆಯುತ್ತ ಹೇಳಿದೆ, ಆಮೇಲೆ ಹೇಳಲೇ ಇಲ್ಲ. ಒಂದು ಸಂಜೆ ರೇಗಿ, ‘ನಿಮ್ಮ ದೇವಿಯನ್ನೇ ಕೇಳಿ, ನನ್ನ ಜೀವ ತಿನ್ನಬೇಡಿ’ ಎಂದುಬಿಟ್ಟೆ. ಇವರು ಅದನ್ನು ಬೈಗುಳ ಎಂದು ತಿಳಿಯದೆ ಸಲಹೆ ಎಂದು ತಿಳಿದರು.

ಅದಕ್ಕೆ ಮೊದಲು ಯಂತ್ರವನ್ನೂ ಒಮ್ಮೆ ಕೇಳಿಸಿದರು. ಮೈದುನ ಎಸ್‌ಟಿಡಿ ಬೂತಿನಿಂದ ಮುಂಬೈಗೆ ಫೋನು ಮಾಡಿ, ಇಂಥ ವರ್ಷ ಕೈ ಹೇಗಿತ್ತೆಂದು ಆ ಚಿತ್ರದಲ್ಲಿ ಕಾಣುತ್ತದೆಯೇ ಎಂದು ವಿಚಾರಿಸಿದ. ಡಾಕ್ಟರಮ್ಮ ಪಾಪ ಒಳ್ಳೆಯವಳು, ನಗಲಿಲ್ಲ. ಅದು ತೆಗೆದ ದಿನದ ಚಿತ್ರ, ಹಿಂದಿನದನ್ನು ನಾವು ಅಂದಾಜು ಮಾಡುತ್ತೇವಷ್ಟೆ, ಯಂತ್ರಕ್ಕೆ ಅದು ಕಾಣುವುದಿಲ್ಲ ಎಂದಳಂತೆ. ಅಷ್ಟು ದೊಡ್ಡ ಯಂತ್ರಕ್ಕೂ ಆಗಲಿಲ್ಲವಲ್ಲ ಎಂದರು ಇವರು.

ಕೊನೆಗೆ ಒಂದು ಸೋಮವಾರ ಮೈದುನ ಬಂದ. ಇದು ಇವರ ಸ್ವಂತದ ಪ್ರಶ್ನೆ, ಹಾಗಾಗಿ ಅವನ ಕೈಯೇ ಆಗಬೇಕು. ಇವರು ಕಾಲೋನಿಯವರನ್ನೂ ಕರೆಸಿದ್ದರು. ನಾನು ಬೇಡವೆಂದಿದ್ದೆ. ಎಡಕ್ಕೆ ಬಿದ್ದರೆ, ಅಂದರೆ ತಪ್ಪು ಇವರ ಕೈಯದೇ ಎಂದಾದರೆ, ಏನು ಮಾಡುವುದು? ಊರಿಗೆ ಊರೇ ಇವರನ್ನು ನೋಡುವ ಕಣ್ಣು ಬದಲಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ಇವರೇ ಉಳಿಯುವುದಿಲ್ಲ ಎಂದು ನನಗೆ ಹೆದರಿಕೆ. ಶಾಲೆಗೆ ರಜೆ ಹಾಕಿ ಗುಡಿಯ ಕಂಬಕ್ಕೆ ಆನಿಕೊಂಡು ನಿಂತೆ. ಮೈದುನ ಹೂ ಅದ್ದಿ ಎಡಕ್ಕೆ ಹಚ್ಚಿದ, ಬಲಕ್ಕೆ ಹಚ್ಚಿದ. ಒಂದೂ ಕದಲಲಿಲ್ಲ. ಇವರು ಕೈ ಮುಗಿಯಲು ಹೋದರೆ ಎರಡೂ ಅಂಗೈ ಕೂಡಿ ನಿಲ್ಲುತ್ತಿರಲಿಲ್ಲ.

‘ತಾಯೀ, ಅವತ್ತು ಊರು ಬಿಡಿ ಅಂದದ್ದು ನೀನಾ, ನನ್ನ ಕೈಯಾ?’ ಎಂದು ಗಟ್ಟಿಯಾಗಿಯೇ ಕೇಳಿದರು.

ಹಳೆಯ ಊರಿನಲ್ಲಿ ನಮ್ಮ ನೆರೆಮನೆಯಲ್ಲಿದ್ದ ಮುದುಕಿಯೊಬ್ಬಳು ಮುಂದೆ ಕೂತಿದ್ದಳು. ಮೀನು ಮಾರಿ ಜೀವನ ಮಾಡಿದವಳು, ನಾಲಗೆಗೆ ಲಗಾಮಿಲ್ಲ. ಅವಳು ನೆಲಕ್ಕೆ ಕೈಯೂರಿ ಎದ್ದಳು.

‘ತಗಿಯಾ ಹೂಗು, ತಗಿ’ ಎಂದು ಮೈದುನನ ಮೇಲೆ ಕೂಗಿದಳು. ಆಮೇಲೆ ಇವರ ಕಡೆ ತಿರುಗಿ, ‘ಎಂತಕಾ ತಮಾ ಇದ್ನೆಲ್ಲಾ ಕೇಳೂದು? ಎಡಕ್ಕೆ ಬಿದ್ದಿದ್ರೆ ನಮ್ಮನ್ನ ಅಲ್ಲೇ ಬಿಡ್ತಿದ್ರಾ? ನಾ ಅವತ್ತು ಪಾತ್ರೆ ಪಗಡೆ ಎಲ್ಲಾ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಇಟ್ಟೇ ಗುಡಿಗೆ ಬಂದದ್ದು. ನಾನೊಬ್ಳೇ ಅಲ್ಲ, ಇವ್ರೆಲ್ಲಾ ಕಟ್ಟಿಟ್ಟಿದ್ರು. ಕೇಳು ಬೇಕಾರೆ’ ಎಂದಳು.

ಒಬ್ಬ ಗಂಡಸು ಮೆಲ್ಲಗೆ, ‘ನಮ್ದು ಹಿಂದಿನ ದಿನಾನೇ ಕಟ್ಟಾಗಿತ್ತು’ ಎಂದ. ಇನ್ನೊಬ್ಬಳು ತಾನು ಕೋಳಿಗಳನ್ನೂ ಮಾರಿಯಾಗಿತ್ತು ಎಂದಳು. ಅದಕ್ಕೆ ಯಾರೋ ನಕ್ಕರು. ನಗು ಬಂದದ್ದೇ ತಡ, ಎಲ್ಲರ ಎದೆಯ ಭಾರ ಇಳಿದ ಹಾಗಾಯಿತು. ಇವರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ಕೊನೆಗೆ ನನ್ನ ಮುಖ ನೋಡಿದರು. ನನ್ನ ಸೀರೆಗಳನ್ನೂ ಶಾಲೆಯ ಪುಸ್ತಕಗಳನ್ನೂ ನಾನು ಟ್ರಂಕಿಗೆ ತುಂಬಿಯಾಗಿತ್ತು. ಅವತ್ತು ಊರಿನಲ್ಲಿ ಏನನ್ನೂ ಕಟ್ಟಿಡದೆ ಗುಡಿಗೆ ಬಂದವರು ಇವರೊಬ್ಬರೇ.

‘ಹಾಗಾದ್ರೆ ಕೇಳ್ದದ್ದು ಎಂತಕೆ?’ ಎಂದರು ಇವರು.

‘ಹೋಗೂದಂತೂ ಇದ್ದೇ ಇತ್ತು’ ಎಂದಳು ಮುದುಕಿ. ‘ಆದ್ರೆ ಕಾಲು ಏಳ್ಬೇಕಲ್ಲಾ. ಯಾರಾದ್ರೂ ನಮ್ಮೋರು ಹೋಗು ಅಂದ್ರೆ ಕಾಲು ಏಳ್ತದೆ. ನೀ ಒಳ್ಳೇದೇ ಮಾಡ್ದೆ. ಈಗ ಮನೆಗೆ ನಡಿ, ಗುಳಿಗೆ ಹೊತ್ತಾಯ್ತು ನೋಡು.’

ಮೈದುನ ಹೂಗಳನ್ನು ಒಂದೊಂದಾಗಿ ತೆಗೆದ. ಜನ ಹಗುರಾಗಿ ಹೊರಟರು. ಇವರೂ ಎಲ್ಲರ ಜೊತೆ ನಕ್ಕ ಹಾಗೆ ಮಾಡಿದರು. ಮುಖ ಬಿಗಿದಿದ್ದರಿಂದ ಅದು ನಗುವೋ ಅಲ್ಲವೋ ಬೇರೆಯವರಿಗೆ ತಿಳಿಯುತ್ತಿರಲಿಲ್ಲ, ನನಗೆ ತಿಳಿಯುತ್ತಿತ್ತು. ಮನೆ ಮುಟ್ಟಿದಾಗ ಇವರ ಹೆಜ್ಜೆ ಬಾಗಿಲ ಹೊಸ್ತಿಲಿಗೆ ಬಂದು ಅಂಟಿಕೊಂಡಿತು. ಈ ರೋಗದಲ್ಲಿ ಹಾಗಾಗುತ್ತದೆ, ಹೊಸ್ತಿಲು ಕಂಡರೆ ಕಾಲು ನಿಂತುಬಿಡುತ್ತದೆ. ನಾನು ಎಂದಿನಂತೆ ಕೈ ಹಿಡಿದು, ‘ಹೂಂ, ಎತ್ತಿ’ ಎಂದೆ. ಇವರು ಎತ್ತಲಿಲ್ಲ.

‘ಇಷ್ಟು ವರ್ಷ ನಾ ಮಾಡ್ದದ್ದು ಎಂತಾ ಹಾಗಾದ್ರೆ?’ ಎಂದು ಕೇಳಿದರು.

ಮುದುಕಿ ಹೇಳಿದ್ದರಲ್ಲಿ ಇವರಿಗೆ ಮೊದಲರ್ಧ ಮಾತ್ರ ಕೇಳಿಸಿತ್ತು ಎಂದು ಅನಿಸಿತು. ಉಳಿದರ್ಧವನ್ನು ನಾನು ಇನ್ನೊಮ್ಮೆ ಹೇಳಬಹುದಿತ್ತು. ನಿಜ ಹೇಳಬೇಕೆಂದರೆ ನನಗೆ ತ್ರಾಣವಿರಲಿಲ್ಲ. ಹೊಸ್ತಿಲಿನ ಆಚೆ ನಾನು, ಈಚೆ ಇವರು, ಹಾಗೇ ನಿಂತೆವು. ಆಮೇಲೆ ಕಾಲು ತಾನಾಗಿಯೇ ಎದ್ದಿತು, ಒಳಗೆ ಬಂದು ಗುಳಿಗೆ ನುಂಗಿದರು.

ಅವತ್ತಿನಿಂದ ಇವರು ಆ ಪ್ರಶ್ನೆಯನ್ನು ಕೇಳಲಿಲ್ಲ. ಪ್ರಸಾದವನ್ನೂ ಹಚ್ಚಲಿಲ್ಲ. ಮುಂಬೈಯವರು ಎರಡನೆಯ ಸಲ ಚಿತ್ರ ತೆಗೆಯಲು ಕರೆದಾಗ ಮಾತ್ರ ಹೋಗಿಬಂದರು, ಹೋಗುತ್ತೇನೆಂದು ಮಾತು ಕೊಟ್ಟಿದ್ದೇನೆ ಎಂದರು. ಗೇರುಬೀಜ ಇನ್ನಷ್ಟು ಸಣ್ಣದಾಗಿತ್ತು.

ಆ ಮಳೆಗಾಲ ಶಾಲೆಯಲ್ಲಿ ಏನೋ ತಪಾಸಣೆ ಇದ್ದು, ಮನೆಗೆ ಬರುವಾಗ ನಾನು ತೊಯ್ದು ತೊಪ್ಪೆಯಾಗಿದ್ದೆ. ಕೊಡೆಯ ಕಡ್ಡಿ ಮುರಿದಿತ್ತು, ಚಪ್ಪಲಿ ಕೈಯಲ್ಲಿತ್ತು. ಇವರು ಕಟ್ಟೆಯ ಮೇಲೆ ಆಚೆ ಮುಖ ಮಾಡಿ ಕೂತಿದ್ದರು. ಗೇಟು ಕಿರ್ರೆಂದಿತು. ಇವರು ತಿರುಗಲಿಲ್ಲ, ತಿರುಗುವುದು ಈಗ ಅಷ್ಟು ಸುಲಭವೂ ಇರಲಿಲ್ಲ. ಸಣ್ಣ ದನಿಯಲ್ಲಿ, ಶಬ್ದ ಒಂದಕ್ಕೊಂದು ಅಂಟಿಕೊಂಡು, ‘ಇವತ್ತು ಸುರಂಗಿಯಾ?’ ಎಂದು ಕೇಳಿದರು.

ಸುರಂಗಿಯ ಕಾಲ ಮುಗಿದು ತಿಂಗಳುಗಳಾಗಿತ್ತು. ನನ್ನ ತಲೆಯಲ್ಲಿ ಒಂದು ಎಸಳೂ ಇರಲಿಲ್ಲ.

‘ಹೌದು’ ಎಂದೆ.